ಅತ್ತೆಯ ಹೊರೆ, ಇದ್ದಿಲಿನ ಬಸ್ಸು

ಮಹಾರಾಜರ ಕಾಲದಲ್ಲಿ ನಮ್ಮ ಸೀಮೆಯ ರಸ್ತೆಗಳನ್ನು ಉದ್ಧಾರ ಮಾಡಲು ಒಂದು ಸಮಿತಿ ಹುಟ್ಟಿತ್ತು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳಲ್ಲಿ ನಡೆಯುವವರು, ಸೈಕಲ್ಲಿನವರು, ಗಾಡಿಯವರು, ಬಸ್ಸಿನವರು ಒಬ್ಬರ ಮೈಮೇಲೆ ಒಬ್ಬರು ಬೀಳದಂತೆ ಹೇಗೆ ಓಡಾಡಬೇಕೆಂದು ಯೋಜನೆ ಹಾಕುವುದು ಅದರ ಕೆಲಸ. ಸದಸ್ಯರೆಲ್ಲ ದೊಡ್ಡ ಮನುಷ್ಯರು. ಅಂದರೆ, ನಡೆಯುವ ಅಭ್ಯಾಸ ತಪ್ಪಿ ಬಹಳ ಕಾಲವಾದವರು. ಅಧ್ಯಕ್ಷರಂತೂ ಮನೆಯ ಎದುರಿನ ದೇವಸ್ಥಾನಕ್ಕೂ ಜಟಕಾ ಕಟ್ಟಿಸುತ್ತಿದ್ದರು. ನಾನು ಆಗ ಮಿಡಿಗೇಶಿಯಲ್ಲಿ ಮೇಷ್ಟ್ರು. ಸುತ್ತಲಿನ ಹಳ್ಳಿಗಳಲ್ಲಿ ಸೈಕಲ್ ಇದ್ದವನು ನಾನೊಬ್ಬನೇ ಆದ್ದರಿಂದ ನನ್ನನ್ನು ಸೈಕಲ್ ಸವಾರರ ಪ್ರತಿನಿಧಿ ಎಂದು ಸೇರಿಸಿಕೊಂಡರು.

ನಮ್ಮ ಮನೆಯಲ್ಲಿ ನಿಜವಾಗಿ ನಡೆಯುತ್ತಿದ್ದವಳು ನನ್ನ ಸೋದರತ್ತೆ. ಗಂಡ ಸತ್ತ ಮೇಲೆ ತವರಿಗೆ ಬಂದವಳು. ತಮ್ಮನ ಮನೆಯಲ್ಲೂ ಹಂಗಿನ ಅನ್ನ ತಿನ್ನುವ ಜಾತಿಯಲ್ಲ. ಹುಣಸೆಹಣ್ಣು ಕುಟ್ಟಿ, ಬೀಜ ತೆಗೆದು, ಉಂಡೆ ಕಟ್ಟಿ, ದೊಡ್ಡ ಮಂಕರಿಯಲ್ಲಿ ತುಂಬಿಕೊಂಡು ಪ್ರತಿ ವಾರ ಮಧುಗಿರಿ ಸಂತೆಗೆ ಹೊತ್ತು ಮಾರುತ್ತಿದ್ದಳು. ಕೋಳಿ ಕೂಗುವ ಹೊತ್ತಿಗೆ ನಾನು ಮಂಕರಿ ಎತ್ತಿ ಅವಳ ತಲೆಗಿಡುತ್ತಿದ್ದೆ. ನನಗೇ ಸೊಂಟ ಹಿಡಿದುಕೊಳ್ಳುತ್ತಿತ್ತು. ಅವಳು ಮಾತ್ರ ಎಲೆಅಡಿಕೆ ಜಗಿಯುತ್ತ, ಕೈ ಬೀಸಿಕೊಂಡು ಹೊರಟುಬಿಡುತ್ತಿದ್ದಳು.

ದಾರಿಯ ಮಧ್ಯೆ, ಊರಿಲ್ಲದ ಒಂದು ಬಯಲಿನಲ್ಲಿ, ಹೊರೆಗಲ್ಲು ಇತ್ತು. ಎರಡು ಕಂಬ ನೆಟ್ಟು, ಕತ್ತಿನ ಎತ್ತರಕ್ಕೆ ಮೇಲೊಂದು ಚಪ್ಪಡಿ ಹಾಸಿದ್ದು, ಅಷ್ಟೇ. ತಲೆಹೊರೆಯವರು ಅದರ ಮೇಲೆ ಹೊರೆ ಸರಿಸಿಟ್ಟು, ಸುಧಾರಿಸಿಕೊಂಡು, ಮತ್ತೆ ತಲೆ ಕೊಟ್ಟು ಎತ್ತಿಕೊಳ್ಳಬಹುದು. ನೆಲಕ್ಕೆ ಇಳಿಸಿದರೆ ಕೆಟ್ಟಿತು, ಇನ್ನೊಬ್ಬರು ಕೈ ಕೊಡದೆ ಆ ಭಾರ ಮೇಲೇಳದು. ಮಿಕ್ಕವರಿಗೆ ದಾರಿಹೋಕರು ಕೈ ಕೊಡುತ್ತಿದ್ದರು, ಅದು ನಮ್ಮ ಕಡೆಯ ರೂಢಿ. ಆದರೆ ಬೆಳಿಗ್ಗೆ ಮನೆ ಬಿಟ್ಟವರಿಗೆ ಮುಂಡೆ ಎದುರಾದರೆ ಹೋದ ಕೆಲಸ ಕೆಡುತ್ತದೆ ಎಂಬುದೂ ನಮ್ಮ ಕಡೆಯ ರೂಢಿಯೇ. ಅತ್ತೆಯನ್ನು ಕಂಡರೆ ಜನ ಬೇಲಿಯ ಕಡೆ ಮುಖ ತಿರುಗಿಸಿ, ಜಾಲಿಮುಳ್ಳು ಎಣಿಸುವವರಂತೆ ನಿಲ್ಲುತ್ತಿದ್ದರು. ಹೀಗಾಗಿ ಆ ದಾರಿಯಲ್ಲಿ ಅವಳಿಗೆ ನೆರವಾಗುತ್ತಿದ್ದುದು ಕಲ್ಲೊಂದೇ.

ಸಮಿತಿಯ ಕಣ್ಣು ಬಿದ್ದದ್ದು ಅದರ ಮೇಲೆಯೇ. ಯುದ್ಧದ ಕಾಲ, ಪೆಟ್ರೋಲ್ ಇಲ್ಲದೆ ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಪಾವಗಡದಿಂದ ಮಧುಗಿರಿಗೆ ಬರುವ ಬಸ್ಸು ತಿರುವಿನಲ್ಲಿ ಆ ಕಲ್ಲಿಗೆ ಪಕ್ಕೆ ಉಜ್ಜಿಕೊಂಡಿತು. ಬಸ್ಸಿನ ಮಾಲೀಕರೂ ಸಮಿತಿಯಲ್ಲಿದ್ದರು. ಮಧುಗಿರಿಯ ಸಭೆಗೆ ಉಪ್ಪಿಟ್ಟು, ಕಾಫಿ ಅವರದೇ. ನಡೆಯುವವರು ಅಂಚಿನಲ್ಲಿ ನಡೆಯಬೇಕು, ಸೈಕಲ್ಲಿನವರು ಗಂಟೆ ಬಾರಿಸಬೇಕು, ಗಾಡಿ ಹೊಡೆಯುವವರು ನಿದ್ದೆ ಮಾಡಬಾರದು, ಹೊರೆಗಲ್ಲು ಕೀಳಿಸಬೇಕು ಎಂದು ಉಪ್ಪಿಟ್ಟು ಮುಗಿಯುವುದರೊಳಗೆ ತೀರ್ಮಾನವಾಯಿತು.

ನಾನು ಎದ್ದು ನಿಂತೆ. "ಹೊರೆ ಹೊತ್ತವರು ಏನ್ ಮಾಡ್ಬೇಕು ಸ್ವಾಮಿ?"

"ದಾರೀಲಿ ಹೋಗೋರು ಒಂದು ಕೈ ಕೊಡ್ತಾರಪ್ಪ. ನಮ್ಮ ಜನ ಅಷ್ಟೂ ಕೆಟ್ಟಿಲ್ಲ," ಎಂದರು ಅಧ್ಯಕ್ಷರು.

"ನಮ್ಮತ್ತೆಗೆ ಯಾರೂ ಕೊಡಲ್ಲ. ಗಂಡ ಇಲ್ಲ ಅವಳಿಗೆ."

ಅಧ್ಯಕ್ಷರು ಕಾಫಿ ಲೋಟದೊಳಕ್ಕೆ ನೋಡಿದರು. ಕೊರಟಗೆರೆಯ ಸದಸ್ಯರು ಶಲ್ಯ ಸರಿಮಾಡಿಕೊಂಡರು. ಇದು ರಸ್ತೆಗೆ ಸಂಬಂಧಪಟ್ಟ ವಿಷಯವಲ್ಲ ಎಂದು ಯಾರೋ ಹೇಳಿದರು, ಉಳಿದವರು ಹೌದು ಹೌದೆಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಅವರ ಉಪ್ಪಿಟ್ಟು ತಿಂದಿದ್ದೆನಲ್ಲ ಎಂದು ಇನ್ನಷ್ಟು ಉರಿಯಿತು. ಅದೇ ವಾರ ಕಲ್ಲು ಕಿತ್ತರು. ಚಪ್ಪಡಿ ಬಸ್ಸಿನ ಮಾಲೀಕರ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಾಯಿತು.

ಮುಂದಿನ ಸಂತೆಗೆ ಅತ್ತೆ ಎಲ್ಲೂ ಇಳಿಸದೆ ಹೋಗಿ ಬಂದಳು. ಆಮೇಲೆ ಕತ್ತು ತಿರುಗದೆ, ನನ್ನನ್ನು ಬೈಯಬೇಕಾದರೂ ಇಡೀ ಮೈ ತಿರುಗಿಸಬೇಕಾಯಿತು.

"ಹೊರೆ ಅರ್ಧ ಮಾಡ್ಕೊ ಅತ್ತೆ," ಎಂದೆ.

"ಅರ್ಧ ಹೊತ್ರೆ ಅರ್ಧ ದುಡ್ಡು ಕಣ್ಲಾ. ಮಿಕ್ಕರ್ಧ ನಿನ್ ಸಮಿತಿಯೋರು ತಂದ್ಕೊಡ್ತಾರಾ? ಇನ್ನೊಂದೆರಡು ಸಂತೆ ಇಂಗೇ ಆದ್ರೆ ನಾನು ಮೂಲೇಲಿ ಕುಂತು ನಿಮ್ಮವ್ವ ಇಕ್ಕಿದ್ದು ಉಣ್ಣೋಳೇಯ."

ಅವಳು ಹೆದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮುಂದಿನ ಸಂತೆಯ ದಿನವೇ ಸಮಿತಿಯ ಎರಡನೆಯ ಸಭೆ. ಅತ್ತೆಗೆ ಹೊರೆ ಎತ್ತಿಕೊಟ್ಟು, ಆಮೇಲೆ ನಾನು ಬಸ್ಸು ಹತ್ತಿದೆ. ಒಳಗೆ ಪಾವಗಡದ ಸದಸ್ಯರು ಜರಿಪೇಟ ಸುತ್ತಿಕೊಂಡು ಮುಂದಿನ ಸೀಟಿನಲ್ಲಿದ್ದರು. ಬಯಲಿನ ತಿರುವಿಗೆ ಬಂದರೆ, ಕಲ್ಲು ಕಿತ್ತ ಜಾಗದ ಎದುರು, ರಸ್ತೆಯ ನಟ್ಟನಡುವೆ, ತಲೆಯ ಮೇಲೆ ಮಂಕರಿ ಇಟ್ಟುಕೊಂಡು ನಮ್ಮತ್ತೆ ನಿಂತಿದ್ದಾಳೆ. ಡ್ರೈವರು ಹಾರನ್ ಒತ್ತಿ ಒತ್ತಿ, ಕೊನೆಗೆ ಬಸ್ಸು ನಿಲ್ಲಿಸಿದ.

"ಏಂದಮ್ಮಾ ಇದಿ! ಪಕ್ಕಕಿ ಜರುಗು!" ಪಾವಗಡದವರು ಕಿಟಕಿಯಿಂದ ತಲೆ ಹೊರಹಾಕಿ ತಮ್ಮ ತೆಲುಗಿನಲ್ಲಿ ಕೂಗಿದರು.

"ಕಲ್ಲು ಕಿತ್ತಾಕಿದ್ದೀರಲ್ಲ, ಹೊರೆ ಎಲ್ಲಿಕ್ಕಲಿ?" ಎಂದಳು ಅತ್ತೆ. "ಈ ನಿಮ್ ಬಸ್ನ ಮೂತಿ ಸರಿಯಾಗೈತೆ. ಇದ್ರ ಮ್ಯಾಲೇ ಇಕ್ಕೊಂಡು ಸುಧಾರಿಸ್ಕೊತೀನಿ. ಅಲ್ಲೀಗಂಟ ನೀವೂ ಕುಂತಿರಿ."

ಬಸ್ಸಿನೊಳಗೆ ಗುಲ್ಲೆದ್ದಿತು. ಬೆಳಿಗ್ಗೆ ಬೆಳಿಗ್ಗೆ ಇದೇನು ಶನಿ ಎಂದು ಒಬ್ಬರು ಕಣ್ಣು ಮುಚ್ಚಿಕೊಂಡರು. ನಾನು ಹಿಂದಿನ ಸೀಟಿನಿಂದ ಜನರ ಕಾಲು ತುಳಿಯುತ್ತ ಬಾಗಿಲಿಗೆ ಬರುವಷ್ಟರಲ್ಲಿ ಡ್ರೈವರು ಕೆಳಗೆ ಧುಮುಕಿದ್ದ. ಸಿರಾದ ಸಾಬರ ಹುಡುಗ, ಭಾರಿ ಆಳು. ಜಗಳಕ್ಕೇ ಹೋದನೆಂದುಕೊಂಡೆ.

"ಠೈರೋ ಅಮ್ಮಾ, ತಡಿ, ಬಾನೆಟ್ ಸುಡ್ತೈತೆ," ಎಂದ. ಸೀಟಿನ ಮೇಲಿದ್ದ ಗೋಣಿಚೀಲ ಎಳೆದು ಬಾನೆಟ್ಟಿಗೆ ಹಾಸಿದ. ಆಮೇಲೆ ಎರಡೂ ಕೈ ಕೊಟ್ಟು ಅವಳ ತಲೆಯಿಂದ ಮಂಕರಿ ಇಳಿಸಿದ. ತಲೆಯ ಮೇಲಿನ ಬಟ್ಟೆಯ ಸಿಂಬೆ ಜಾರಿ ಬಿದ್ದದ್ದನ್ನೂ ಎತ್ತಿಕೊಟ್ಟು, ನೀರಿನ ಚೊಂಬು ಚಾಚಿದ. ಅತ್ತೆ ಅವನ ಮುಖವನ್ನೇ ನೋಡುತ್ತ ನಿಂತಳು. ಬಾಯಲ್ಲಿ ಒಂದು ಬೈಗುಳವೂ ಇರಲಿಲ್ಲ. ನೀರು ಕುಡಿದಾದ ಮೇಲೆ ಅವನೇ ಹೊರೆ ಎತ್ತಿ ತಲೆಗಿಟ್ಟ.

ಅಲ್ಲಿಂದ ಪ್ರತಿ ಸಂತೆಗೂ ಇದೇ ಆಟ. ಬಸ್ಸು ಅಲ್ಲಿ ನಿಲ್ಲುತ್ತಿತ್ತು, ಆ ಹುಡುಗ ಹೊರೆ ಇಳಿಸಿ, ನೀರು ಕೊಟ್ಟು, ಮತ್ತೆ ಎತ್ತಿಕೊಡುತ್ತಿದ್ದ. ಒಲೆ ತಣ್ಣಗಾಗಿ, ಮತ್ತೆ ಗಾಳಿ ಹಾಕಿ ಹೊಗೆ ಎಬ್ಬಿಸುವಷ್ಟರಲ್ಲಿ ಕಚೇರಿಗೆ ಹೋಗುವವರಿಗೆ ಕಚೇರಿ ತಪ್ಪುತ್ತಿತ್ತು. ಮಾಲೀಕರು ಅತ್ತೆಯ ಬಳಿಗೆ ಜನ ಕಳಿಸಿ ಗದರಿಸಿದರು. ಹೋದವರು ಅವಳ ಬಾಯಿಗೆ ಸಿಕ್ಕಿ, ಬಾಲ ಮುದುರಿಕೊಂಡು ವಾಪಸು ಬಂದರು. ಕೊನೆಗೆ, ಬಸ್ಸಿನ ಸುಗಮ ಸಂಚಾರಕ್ಕಾಗಿ ಹೊರೆಗಲ್ಲನ್ನು ರಸ್ತೆಯಿಂದ ಆಚೆಗೆ ಸರಿಸಿ ನೆಡಿಸತಕ್ಕದ್ದು ಎಂದು ಸಮಿತಿ ಒಮ್ಮತದಿಂದ ತೀರ್ಮಾನಿಸಿತು. ಅಧ್ಯಕ್ಷರು ಅದಕ್ಕೆ ಚಪ್ಪಾಳೆ ಕೂಡ ಹೊಡೆಸಿಕೊಂಡರು. ಸೋಪಿನ ವಾಸನೆ ಹೊಡೆಯುತ್ತಿದ್ದ ಚಪ್ಪಡಿ ಗಾಡಿ ಏರಿ ಮತ್ತೆ ಬಯಲಿಗೆ ಬಂತು.

ಗೆದ್ದೆವಲ್ಲ ಎಂದು ನನಗೆ ಹಿಗ್ಗೋ ಹಿಗ್ಗು. ಮುಂದಿನ ಸಂತೆಯ ದಿನ ನೋಡಿಯೇ ಬರೋಣವೆಂದು ಸೈಕಲ್ ಹತ್ತಿ ಹೋದೆ. ಅತ್ತೆ ಹೊರೆಗಲ್ಲಿನ ಪಕ್ಕದಲ್ಲೇ ನಿಂತಿದ್ದಳು. ಮಂಕರಿ ಇನ್ನೂ ತಲೆಯ ಮೇಲೆಯೇ ಇತ್ತು. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು.

"ಇದೇನತ್ತೆ, ಕಲ್ಲು ಬಂತಲ್ಲ, ಇಳಿಸ್ಬಾರ್ದಾ?"

"ಇರ್ಲಿ ಬುಡ್ಲಾ, ಕಲ್ಲೆಲ್ಲಿ ಹೋಯ್ತದೆ," ಎಂದಳು. ಕಣ್ಣು ಮಾತ್ರ ಪಾವಗಡದ ರಸ್ತೆಯ ಕಡೆಗೇ ಇತ್ತು. "ಬಸ್ಸು ಬರ್ಲಿ."