ಖಾಲಿ ಕುರ್ಚಿಗೆ ಬಗ್ಗುತ್ತಿದ್ದವರು

ನಮ್ಮ ಕೊರಿಯನ್ ಮ್ಯಾನೇಜರರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಹಡಗು ಕಟ್ಟುವ ಅಂಗಳದಲ್ಲಿ ಕೂಲಿಯಾಗಿದ್ದಾಗ ಸರಪಳಿ ಬಿದ್ದು ಹೋದದ್ದಂತೆ. ಅದೇ ಕಂಪೆನಿಯ ಜೆಬೆಲ್ ಅಲಿ ಶಾಖೆಗೆ ಮುಖ್ಯಸ್ಥರಾದ ಮೇಲೂ, ಅಧ್ಯಕ್ಷರ ಕೋಣೆಯ ಬೀಗವನ್ನು ದಿನಾ ಬೆಳಿಗ್ಗೆ ಅವರೇ ತೆಗೆಯುತ್ತಿದ್ದರು.

ಅಧ್ಯಕ್ಷರು ದುಬೈಗೆ ಒಮ್ಮೆಯೂ ಬಂದವರಲ್ಲ. ಆದರೂ ಅವರಿಗೊಂದು ಕೋಣೆ, ಕುರ್ಚಿ, ಗೋಡೆಗೆ ಫೋಟೋ, ಸದಾ ಓಡುವ ಎ.ಸಿ. ಮ್ಯಾನೇಜರ್ ಆ ಖಾಲಿ ಕುರ್ಚಿಗೆ ಸೊಂಟ ಬಗ್ಗಿಸಿ ನಮಸ್ಕರಿಸುವುದನ್ನು ಮೊದಲ ಸಲ ಕಂಡಾಗ, ಊರಲ್ಲಿ ಯಾರೂ ಕೂರದ ದೈವದ ಮಂಚ ನೆನಪಾಗಿ ನನ್ನ ಮೈ ಜುಮ್ಮೆಂದಿತು.

"ಇದಕ್ಕೆ ಚೇಬೋಲ್ ಅನ್ನುತ್ತಾರೆ," ಎಂದಿದ್ದರು ತಮ್ಮ ತುಂಡು ಇಂಗ್ಲಿಷಿನಲ್ಲಿ. "ಹಡಗು, ಸಿಮೆಂಟು, ಬಿಸ್ಕತ್ತು, ಎಲ್ಲ ಒಂದೇ ಮನೆಯವರದು. ಅಜ್ಜ, ಮಗ, ಮೊಮ್ಮಗ. ನಾವು ಮನೆಯವರಲ್ಲ, ಮನೆ ಕಾಯುವವರು."

ಬಿಗುಮಾನದ ಮನುಷ್ಯ ಎಂದುಕೊಳ್ಳಬೇಡಿ. ನನ್ನ ಮಗಳು ಹುಟ್ಟಿದಾಗ ಬಾಣಂತಿಗೆ ಒಳ್ಳೆಯದೆಂದು ಕಡಲಪಾಚಿಯ ಸಾರು ಹೊತ್ತು ಮಿರ್ದಿಫ್‌ನ ನಮ್ಮ ಮನೆಗೆ ಬಂದಿದ್ದರು. ನನ್ನ ಹೆಂಡತಿ ಮೂಗು ಹಿಡಿದುಕೊಂಡೇ ಕುಡಿದಳು.

ಆ ಬೇಸಗೆಯಲ್ಲೇ ಅಧ್ಯಕ್ಷರ ಮೊಮ್ಮಗ ಬರುತ್ತಾನೆಂದು ಸುದ್ದಿಯಾಯಿತು. ಕೋಣೆ ಸಿಂಗರಿಸುವ ಕೆಲಸ ನನಗೆ ಬಿತ್ತು.

"ಹಿರಿಯರ ಫೋಟೋಕ್ಕೆ ಪ್ಲಾಸ್ಟಿಕ್ ಹೂ ಎಂತಕ್ಕೆ ಮಾರಾಯ್ರೆ? ಸೇವಂತಿಗೆ ಇಡಿ," ಎಂದಳು ಹೆಂಡತಿ.

ಅಲ್ ಮುರಕ್ಕಬಾತಿನ ಹೂವಿನಂಗಡಿಯಿಂದ ಬಿಳಿ ಸೇವಂತಿಗೆ ತಂದು ಫೋಟೋದ ಕೆಳಗೆ ಇಟ್ಟೆ. ದೇವರಿಗೇ ಇಡುವ ಹೂವಲ್ಲವೇ! ಕೊರಿಯದಲ್ಲಿ ಅದನ್ನು ಹಾಗೆ ಇಡುವುದು ಸತ್ತವರ ಫೋಟೋದ ಎದುರು ಎಂದು ನನಗೇನು ಗೊತ್ತು?

ಮೊಮ್ಮಗ ಒಳಗೆ ಬಂದವನೇ ಹೂವು ಕಂಡು ಬಿಳಿಚಿಕೊಂಡ. ಸಿಟ್ಟಾಗಲಿಲ್ಲ. "ನಿಮಗೆ ಯಾರು ಹೇಳಿದರು?" ಎಂದು ಇಂಗ್ಲಿಷಿನಲ್ಲಿ ಪಿಸುಗುಟ್ಟಿದ.

ಕೆಲಸ ಹೋದರೆ ವೀಸಾ ಖಲಾಸ್, ಹಸುಗೂಸಿನ ಸಮೇತ ವಿಮಾನ ಹತ್ತಬೇಕು. ಮ್ಯಾನೇಜರ್ ಒಮ್ಮೆ ನನ್ನತ್ತ ನೋಡಿ ಮುಂದೆ ಬಂದರು.

"ಹೂವು ಇಟ್ಟದ್ದು ನಾನು. ಯಾರೂ ಹೇಳಲಿಲ್ಲ. ಹದಿನೈದು ದಿನದಿಂದ ನಾನು ಬಗ್ಗುವಾಗ ಆ ಕುರ್ಚಿಯಲ್ಲಿ ಯಾರೂ ಇಲ್ಲ."

ಮೊಮ್ಮಗ ಕುರ್ಚಿಯಿಂದ ಎರಡು ಹೆಜ್ಜೆ ಹಿಂದೆ ಸರಿದ.

ವಾರದೊಳಗೆ ಮ್ಯಾನೇಜರರನ್ನು ಕೊರಿಯಕ್ಕೆ ವಾಪಸ್ ಕರೆಸಿಕೊಂಡರು. ಅಧ್ಯಕ್ಷರ ಸಾವು ಹೊರಬಿದ್ದದ್ದು ಅದಾದ ಮೇಲೆ. ಮನೆಯೊಳಗೆ ಪಾಲು ಇತ್ಯರ್ಥವಾಗುವವರೆಗೆ ಮುಚ್ಚಿಟ್ಟಿದ್ದರಂತೆ. ಲೆಕ್ಕ ಹಾಕಿದೆ. ಮೊಮ್ಮಗ ಬಂದ ದಿನಕ್ಕೆ ಅಧ್ಯಕ್ಷರು ಸತ್ತು ಸರಿಯಾಗಿ ಹದಿನೈದು ದಿನ. ಅಷ್ಟೂ ದಿನ ಅವರ ಹೆಸರಿನಲ್ಲಿ ಆದೇಶಗಳು ಬರುತ್ತಿದ್ದವು, ನಾನು ಉತ್ತರ ಬರೆಯುತ್ತಿದ್ದೆ.

ಮ್ಯಾನೇಜರರಿಗೆ ಅಲ್ಲಿ ಮತ್ತೆ ಕೆಲಸ ಕೊಡಲಿಲ್ಲ. ಎರಡನೆಯ ಚಳಿಗಾಲದಲ್ಲಿ ತೀರಿಕೊಂಡರು. ಅವರಿಗೆ ಆ ಹದಿನೈದು ದಿನ ಹೇಗೆ ಗೊತ್ತಾಯಿತೆಂದು ಕೇಳುವ ಧೈರ್ಯ ನನಗೆ ಬರಲೇ ಇಲ್ಲ. ಅದಕ್ಕಿಂತ ಸಣ್ಣ ಮಾತೊಂದಿತ್ತು, ಹೂವು ಇಟ್ಟವನು ನಾನು ಅನ್ನುವುದು. ಮೊಮ್ಮಗ ಆ ಕೋಣೆಯಲ್ಲಿ ಪೂರಾ ಅರ್ಧ ಗಂಟೆ ಇದ್ದ. ನಾನು ಬಾಯಿ ಬಿಡಲಿಲ್ಲ.