ಗೋಲು ಹೊಡೆಯದ ಫಾರ್ವರ್ಡ್

ಕುವೈತಿನಲ್ಲಿ ಐಸ್ ಹಾಕಿ ಆಡುತ್ತಾರೆ ಎಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. ಅಲ್ಲಿನ ಶರ್ಕ್ ಬಡಾವಣೆಯಲ್ಲಿದ್ದ ನಮ್ಮ ವಿಮಾ ಕಚೇರಿಯ ಮ್ಯಾನೇಜರ್ ಕೆನಡಾದವರು. ನೌಕರಿಯವರೇ ಸೇರಿ ಆಡುವ ಒಂದು ಲೀಗನ್ನು ನಡೆಸುತ್ತಿದ್ದರು. ಕಾಲೇಜಿನಲ್ಲಿ ನಾನು ಮಣ್ಣಿನ ಮೈದಾನದ ಹಾಕಿ ಆಡಿದ್ದೆ ಎಂದು ಊಟದ ಹೊತ್ತಿಗೆ ಒಮ್ಮೆ ಹೇಳಿದ್ದೇ ತಪ್ಪಾಯಿತು. ಆ ವರ್ಷದ ಬಹುಮಾನವೊಂದಕ್ಕೆ ನನ್ನನ್ನು ತೀರ್ಪುಗಾರನನ್ನಾಗಿ ಹಾಕಿದರು.

ಗೋಲು ಹೊಡೆಯುವುದು ಫಾರ್ವರ್ಡ್‌ಗಳ ಕೆಲಸ. ಅವರಲ್ಲಿ ಎದುರಾಳಿಗೆ ಗೋಲು ಹೊಡೆಯಲು ಬಿಡದೆ ತಡೆಯುವುದರಲ್ಲಿ ಯಾರು ಮೇಲು ಎಂದು ನಾವು ಹೇಳಬೇಕಿತ್ತು. ವೃತ್ತಿಪರ ಲೀಗಿನಲ್ಲೂ ಇಂಥ ಬಹುಮಾನ ಇದೆಯಂತೆ. "ಅಲ್ಲಿಯೂ ಜನ ಕೊನೆಗೆ ಗೋಲು ಹೊಡೆದವನನ್ನೇ ನೋಡ್ತಾರೆ. ನಾವು ಪಕ್ ಇಲ್ಲದ ಕಡೆ ನೋಡೋಣ" ಎಂದರು ಮ್ಯಾನೇಜರ್. ಪಕ್ ಎಂದರೆ ಚೆಂಡಿನ ಬದಲು ಅವರು ಆಡುವ ರಬ್ಬರಿನ ಬಿಲ್ಲೆ.

ಹಾಗೆ ನೋಡಿದಾಗ ನನ್ನ ಕಣ್ಣಿಗೆ ಬಿದ್ದವನು ಒಬ್ಬನೇ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಮನೆಮಾತು ಕೊಂಕಣಿ, ಹುಟ್ಟಿ ಬೆಳೆದದ್ದು ಇಲ್ಲೇ. ಸ್ಕೇಟಿಂಗ್ ಕಲಿತದ್ದೂ ಇಲ್ಲೇ. ಆ ಸೀಸನ್ನಿನಲ್ಲಿ ಅವನು ಗೋಲು ಹೊಡೆದದ್ದನ್ನು ನಾನು ನೋಡಲಿಲ್ಲ. ಎದುರಾಳಿ ಮುನ್ನುಗ್ಗಿದರೆ ಸಾಕು, ಓಡಿ ಬಂದು ತನ್ನ ಗೋಲಿನ ಮುಂದೆ ನಿಂತು ಹೊಡೆತಗಳಿಗೆ ಮೈಯೊಡ್ಡುತ್ತಿದ್ದ. ನಮ್ಮಿಬ್ಬರ ಮನೆಯೂ ಫರ್ವಾನಿಯಾದಲ್ಲಿ. ಆಟ ಮುಗಿದ ಮೇಲೆ ಅವನ ಕಾರಿನಲ್ಲೇ ನಾನು ಮರಳುತ್ತಿದ್ದೆ.

ಮ್ಯಾನೇಜರ್ ಮತ್ತು ನನ್ನ ಜೊತೆಗೆ ಮೂರನೆಯ ತೀರ್ಪುಗಾರ ಕುವೈತಿನವನೇ, ಲ್ಯಾಬಿನವನ ತಂಡದ ಹಳೆಯ ಗೋಲ್‌ಕೀಪರ್. ಸೀಸನ್ ನಡುವೆ ಮೊಣಕಾಲು ಕೈಕೊಟ್ಟು ಆಟ ಬಿಟ್ಟಿದ್ದ. ಕೂತು ಮಾತಾಡಿದಾಗ ನಾನು ಲ್ಯಾಬಿನವನ ಹೆಸರು ಹೇಳಿದೆ. ಗೋಲ್‌ಕೀಪರ್ ನಕ್ಕ.

"ಅವನು ಒಳ್ಳೆಯವನೇ. ಆದರೆ ನನಗೆ ಕಾಣುತ್ತಿದ್ದದ್ದು ಅವನ ಬೆನ್ನು ಮಾತ್ರ. ಪಕ್ ಎಲ್ಲಿದೆ ಅಂತ ಅದು ಬಲೆಗೆ ಬಿದ್ದ ಮೇಲೇ ಗೊತ್ತಾಗೋದು."

ಆಮೇಲೆ ಅವನು ಅದೇ ತಂಡದ ಇನ್ನೊಬ್ಬ ಫಾರ್ವರ್ಡ್‌ನ ಹೆಸರೆತ್ತಿದ. ಅವನು ಬ್ಯಾಂಕಿನಲ್ಲಿ ಅಧಿಕಾರಿ. ಪಕ್ ಎದುರಾಳಿಯ ಅರ್ಧದಲ್ಲಿರುವಾಗಲೇ ಹೋಗಿ ಕಸಿದುಕೊಳ್ಳುವವನು. "ಅವನು ಆಡುವಾಗ ನನಗೆ ಕೆಲಸವೇ ಇರಲಿಲ್ಲ. ಚಳಿಯಾಗ್ತಿತ್ತು."

ನಾನು ನೋಡಿದ ಆಟಗಳನ್ನೆಲ್ಲ ನೆನಪಿಗೆ ತಂದುಕೊಂಡೆ. ಮೈಯೊಡ್ಡಿ ತಡೆದದ್ದು ಎದ್ದು ಕಾಣುತ್ತದೆ. ಹೊಡೆತವೇ ಆಗದ ಹಾಗೆ ಮಾಡಿದ್ದು ಕಾಣುವುದಿಲ್ಲ. ನನ್ನ ಓಟನ್ನೂ ಬ್ಯಾಂಕಿನವನಿಗೇ ಹಾಕಿದೆ.

ಬಹುಮಾನ ಹಂಚಿದ ಸಂಜೆ ಎಂದಿನಂತೆ ಲ್ಯಾಬಿನವನ ಕಾರಿನಲ್ಲೇ ಹೊರಟೆ. ಸಿಗ್ನಲ್ಲಿನಲ್ಲಿ ನಿಂತಾಗ ಅವನೇ ಕೇಳಿದ.

"ನಿಮ್ಮ ಓಟು ಯಾರಿಗೆ ಬಿತ್ತು ಮಾರಾಯ್ರೆ?"

"ನಿನಗಲ್ಲ."

"ಹೌದಾ? ಎಂತಕ್ಕೆ?"

ಗೋಲ್‌ಕೀಪರ್ ಹೇಳಿದ್ದನ್ನು ಹೇಳಿದೆ. ಹಸಿರು ದೀಪ ಬಂದರೂ ಅವನು ಹೊರಡಲಿಲ್ಲ. ಹಿಂದಿನ ಕಾರು ಹಾರ್ನ್ ಹೊಡೆಯಿತು.

"ಅವನಿಗೆ ಇದನ್ನು ಆಡುವಾಗಲೇ ಹೇಳ್ಲಿಕ್ಕೆ ಎಂತ ಆಗಿತ್ತು? ನನಗೆ ಪೆಟ್ಟಾದದ್ದೆಲ್ಲ ಸುಮ್ಮನೆಯಾ ಹಾಗಾದರೆ?"

ಹೇಳುತ್ತಲೇ ಕಾರು ಹೊರಡಿಸಿದ. ನಾನು ಮನೆ ಮುಂದೆ ಇಳಿಯುವಾಗ, "ನಾಳೆ ಅವನಿಗೆ ಫೋನ್ ಮಾಡ್ತೇನೆ" ಎಂದ.

ಮಾಡಿದ್ದ. ಮುಂದಿನ ಸೀಸನ್ನಿಗೆ ಮುಂಚೆ ಇಬ್ಬರೂ ಅಭ್ಯಾಸಕ್ಕೆ ಸೇರುತ್ತಿದ್ದರು. ಗೋಲ್‌ಕೀಪರ್ ಕುರ್ಚಿಯಲ್ಲಿ ಕೂತು "ಪಕ್ಕಕ್ಕೆ, ಪಕ್ಕಕ್ಕೆ, ಯಲ್ಲಾ!" ಎಂದು ಅವಸರಪಡಿಸುತ್ತಾ ಕೂಗುತ್ತಿದ್ದ. ಮ್ಯಾನೇಜರ್ ಅಷ್ಟರಲ್ಲಿ ಕೆನಡಾಕ್ಕೆ ಮರಳಿದ್ದರಿಂದ ಆ ಬಹುಮಾನ ನಿಂತುಹೋಯಿತು. ಲ್ಯಾಬಿನವನು ಈಗ ಇನ್ನಷ್ಟು ಮುಂದೆ ಹೋಗಿ ಆಡುತ್ತಾನೆ. ಮೈಮೇಲೆ ಗಾಯ ಕಡಿಮೆಯಾಗಿದೆ ಎಂದು ಅವನ ಹೆಂಡತಿ ನನ್ನ ಹೆಂಡತಿಗೆ ಹೇಳಿದಳಂತೆ.