ಬೀಗತಿ ಬಂದರೂ ಫ್ರೀಜರ್ ಬಿಟ್ಟು ಏಳಲಿಲ್ಲ

ಮೊನ್ನೆ ನಮ್ಮ ಮನೆಗೆ ಬೀಗತಿ ಬಂದರು. ಕೈಯಲ್ಲಿ ಹಸಿರು ಸೀರೆ, ಹಸಿರು ಬಳೆ, ಹಣ್ಣಿನ ಬುಟ್ಟಿ. ನಾನು ಎದ್ದು ನಿಲ್ಲಲಿಲ್ಲ.

ಹೌದು, ಸರಿಯಾಗಿಯೇ ಓದಿದಿರಿ. ಮಗಳ ಅತ್ತೆ ಬಾಗಿಲಲ್ಲಿ ನಿಂತಿದ್ದಾರೆ. ಹುಡುಗಿಯ ತಾಯಿ ಎನಿಸಿಕೊಂಡವಳು ವರಾಂಡದಲ್ಲಿ ಡೀಪ್ ಫ್ರೀಜರ್ ಮುಚ್ಚಳದ ಮೇಲೆ ಕಾಲು ಇಳಿಬಿಟ್ಟುಕೊಂಡು ಕುಳಿತಿದ್ದಾಳೆ! ನಮ್ಮ ಬಿಜಾಪುರದ ಕಡೆ ಇದಕ್ಕಿಂತ ಸಣ್ಣ ತಪ್ಪಿಗೆ ಮಾತು ಬಿಟ್ಟವರಿದ್ದಾರೆ. (ಹೋಳಿಗೆಗೆ ತುಪ್ಪ ಬಡಿಸಲು ಮರೆತರೆಂದು ಇವತ್ತಿಗೂ ಮುಖ ತಿರುಗಿಸುವ ಬೀಗರನ್ನು ನಾನು ಬಲ್ಲೆ.) ಆದರೂ ನಾನು ಏಳಲಿಲ್ಲ. ಎದ್ದಿದ್ದರೆ ಸೋಲುತ್ತಿದ್ದೆ.

ಯಾಕೆ ಎಂದು ತಿಳಿಯಬೇಕಾದರೆ ಮೇ ತಿಂಗಳಿಗೆ ಹೋಗಬೇಕು.

ಮೇ ತಿಂಗಳಲ್ಲಿ ಹೈದರಾಬಾದಿನ ಜನ ಏನು ಮಾಡುತ್ತಾರೆ? ಬೆವರುತ್ತಾರೆ, ಮಾವಿನಹಣ್ಣು ತಿನ್ನುತ್ತಾರೆ. ದಿಲ್‌ಸುಖ್‌ನಗರದ ನಮ್ಮ ಗಲ್ಲಿಯ ತುದಿಯಲ್ಲಿ ಬೇನಿಶಾನ್ ಒಂದು ಕಡೆ, ರಸಾಲು ಒಂದು ಕಡೆ, ರಾಶಿ ರಾಶಿ. ಸರಿಯಾಗಿ ಅದೇ ಹೊತ್ತಿಗೆ ನಮ್ಮ ಸಹನಾ ಬಸುರಿ. ನಮಗೆ ಅವಳೊಬ್ಬಳೇ ಮಗಳು. ಚಿಕ್ಕಂದಿನಿಂದಲೂ ಮಾವಿನಹಣ್ಣಿನ ಹುಚ್ಚಿ. ಓಟೆಯನ್ನು ಬಿಳಿಯಾಗುವ ತನಕ ಚೀಪಿ, ಆಮೇಲೂ ಕೈಬಿಡಲು ಒಪ್ಪದವಳು. ಈ ವರ್ಷ ಮಾತ್ರ ಹಣ್ಣಿನ ವಾಸನೆ ಬಂದರೆ ಸಾಕು, ಬಾಯಿಗೆ ಸೆರಗು ಒತ್ತಿಕೊಂಡು ಬಚ್ಚಲಿಗೆ ಓಟ. ಸೀಸನ್ ಪೂರ್ತಿ ಹೀಗೇ ಹೋಯಿತು. ವಾಂತಿ ನಿಂತು ಬಾಯಿರುಚಿ ಬರುವ ಹೊತ್ತಿಗೆ ಮಾರ್ಕೆಟ್ಟಿನಲ್ಲಿ ಮಾವು ಮುಗಿದಿತ್ತು.

ಹಿಮಾಯತ್‌ನಗರದ ಅತ್ತೆಮನೆಯಿಂದ ಫೋನ್ ಮಾಡಿ ಅತ್ತಳು. "ಅವ್ವಾ, ಎಲ್ಲಾರೂ ತಿಂದ್ರು. ನಾ ಒಬ್ಬಾಕಿನ ಉಳದೆ. ಈಗ ನನಗ ಅದ ಬೇಕನಸಾಕತ್ತೇತಿ, ಬ್ಯಾರೆ ಏನೂ ಬ್ಯಾಡ."

ಆದರೆ ಅವಳಿಗೆ ಗೊತ್ತಿಲ್ಲದ ಸಂಗತಿಯೊಂದು ನನಗೆ ಗೊತ್ತಿತ್ತು. ಅವಳು ಬಚ್ಚಲಿಗೆ ಓಡುತ್ತಿದ್ದಾಗ ಇಲ್ಲಿ ನಾನು ರಸಾಲು ಹಿಂಡಿ ಹಿಂಡಿ, ರಸವನ್ನು ಪ್ಯಾಕೆಟ್ ಮಾಡಿ ಡೀಪ್ ಫ್ರೀಜರಿನ ತಳದಲ್ಲಿ ಮಲಗಿಸಿದ್ದೆ.

"ನಿನ್ನ ಪಾಲು ಎಲ್ಲೂ ಹೋಗೂದಿಲ್ಲವಾ. ನಿನ್ನ ಕುಬಸದ ದಿನ ಸೀಕರಣಿ ಹೋಳಗಿ ಉಣಸ್ತೀನಿ. ಎಲ್ಲಾರ ಮುಂದ!" ಎಂದೆ. ಕುಬಸವೆಂದರೆ ಸೀಮಂತ. ಅದು ಇರುವುದು ದಸರೆ ಕಳೆದ ಮೇಲೆ. ಎಲುಬಿಲ್ಲದ ನಾಲಿಗೆ, ಮಾತು ಕೊಟ್ಟುಬಿಟ್ಟಿತು. ಅದನ್ನು ಅಷ್ಟು ತಿಂಗಳು ಕಾಯಬೇಕಾದದ್ದು ಫ್ರೀಜರ್.

ಈ ಫ್ರೀಜರ್ ನಮ್ಮ ಗಲ್ಲಿಯ ಐಸ್‌ಕ್ರೀಮ್ ಅಂಗಡಿ ಮುಚ್ಚಿದಾಗ ನಾನು ಹಟ ಹಿಡಿದು ಕೊಂಡದ್ದು. ಇದರ ಜೊತೆಗೇ ಪ್ಲೇಟುಗಳೂ ಬಂದವು. ಐಸ್‌ಕ್ರೀಮ್ ತಳ್ಳುಗಾಡಿಗಳನ್ನು ನೋಡಿದ್ದೀರಲ್ಲ? ಅವಕ್ಕೆ ವೈರಿಲ್ಲ, ಪ್ಲಗ್ಗಿಲ್ಲ. ಉರಿಬಿಸಿಲಲ್ಲಿ ದಿನವಿಡೀ ಸುತ್ತಿದರೂ ಒಳಗಿನ ಕುಲ್ಫಿ ಕಲ್ಲಿನ ಹಾಗೆ ಇರುತ್ತದೆ. ಹೇಗೆ? ಒಳಗೆ ಈ ಪ್ಲೇಟುಗಳು ಇರುತ್ತವೆ. ಹಲಗೆಯಂಥ ಚಪ್ಪಟೆ ಡಬ್ಬಿ, ಅದರೊಳಗೆ ಉಪ್ಪು ಬೆರೆಸಿದ ನೀರು, ಬಾಯಿ ಪಕ್ಕಾ ಸೀಲ್. ಕರೆಂಟು ಇರುವಾಗ ಫ್ರೀಜರಿನ ಗೋಡೆಗೆ ಒರಗಿಸಿಟ್ಟರೆ ಒಂದೆರಡು ದಿನಕ್ಕೆ ಗಟ್ಟಿಯಾಗುತ್ತವೆ. ಕರೆಂಟು ಹೋದರೆ ತಾವು ನಿಧಾನಕ್ಕೆ ಕರಗುತ್ತ ಪಕ್ಕದ ಸಾಮಾನನ್ನು ಕಾಯುತ್ತವೆ. ಬರೀ ಮಂಜುಗಡ್ಡೆಗಿಂತ ಉಪ್ಪುನೀರಿನ ಗಡ್ಡೆ ಹೆಚ್ಚು ತಂಪು. ಜಾಗ ಸಾಲದಿದ್ದರೆ ತೆಗೆದು ಹೊರಗಿಡಬಹುದು. ಇಷ್ಟೇ ವಿದ್ಯೆ.

ನಮ್ಮ ಮನೆಯವರಿಗೆ ಇದು ಸುತರಾಂ ಹಿಡಿಸಲಿಲ್ಲ. ಬೇಗಂಪೇಟೆಯ ಆಫೀಸಿನಿಂದ ಬಂದವರೇ ಒಮ್ಮೆ ಫ್ರೀಜರ್ ಕಡೆ, ಒಮ್ಮೆ ನನ್ನ ಕಡೆ ನೋಡುವರು. "ಉಪ್ಪನೀರಿಗೆ ಕರೆಂಟ್ ಬಿಲ್ ಕಟ್ಟೂ ಹೆಂಗಸು ಇಡೀ ತೆಲಂಗಾಣದಾಗ ನೀ ಒಬ್ಬಾಕಿ ನೋಡು. ಇನ್ವರ್ಟರ್ ಐತೆಲ್ಲ?"

ಐತಿ. ನಮ್ಮ ಇನ್ವರ್ಟರ್ ಎರಡು ಫ್ಯಾನ್ ತಿರುಗಿಸುತ್ತದೆ, ನಾಲ್ಕು ದೀಪ ಹಚ್ಚುತ್ತದೆ. ಫ್ರೀಜರ್ ಹೆಸರೆತ್ತಿದರೆ ಕುಂಯ್ ಎಂದು ಅಳುತ್ತದೆ.

ಇನ್ನು ಕುಬಸದ ಹಿಂದಿನ ದಿನಕ್ಕೆ ಬನ್ನಿ. ಬೆಳಿಗ್ಗೆಯೇ ಧೋ ಧೋ ಮಳೆ. ಬಿಜಾಪುರದಿಂದ ನಮ್ಮ ಅಣ್ಣ, ವೈನಿ (ಅತ್ತಿಗೆ), ಉಳಿದ ಬಳಗ ಬಂದು ಬ್ಯಾಗು ಇಳಿಸುತ್ತಿದ್ದಾರೆ. ಗಲ್ಲಿಯ ತುದಿಯಲ್ಲಿ ಢಮ್ಮೆಂದಿತು. ಟ್ರಾನ್ಸ್‌ಫಾರ್ಮರ್! ಹೊಗೆ ಎದ್ದಿತು, ಫ್ಯಾನು ನಿಂತಿತು, ಫ್ರೀಜರಿನ ಗುರ್ ಗುರ್ ಸದ್ದೂ ನಿಂತಿತು. ವಿಚಾರಿಸಿದರೆ, ಹೊಸದು ಬಂದು ಕೂರಬೇಕು, ನಾಳೆಯೂ ಆಗಬಹುದು ಎಂದರು.

ನಮ್ಮ ಮನೆಯವರು ತಲೆಯ ಮೇಲೆ ಕೈ ಹೊತ್ತರು. "ಮುಗೀತು ತಗೋ. ಪ್ಯಾಕೆಟ್ ಎಲ್ಲಾ ಬೀಗರ ಮನಿ ಫ್ರಿಜ್ಜಿಗೆ ಕಳಸೂಣು."

ತವರುಮನೆಯ ಅಡುಗೆ ಅತ್ತೆಮನೆಯ ಫ್ರಿಜ್ಜಿನಿಂದ ಬರಬೇಕೇ? ಸತ್ತರೂ ಇಲ್ಲ. ಅದೂ ಅಲ್ಲದೆ, ಆ ಮಳೆಯಲ್ಲಿ ದಿಲ್‌ಸುಖ್‌ನಗರದಿಂದ ಹಿಮಾಯತ್‌ನಗರ ಮುಟ್ಟುವಷ್ಟರಲ್ಲಿ ರಸ ದಾರಿಯಲ್ಲೇ ಪಾನಕವಾಗುತ್ತದೆ. "ಪ್ಲೇಟ್ ಅದಾವ. ಮುಚ್ಚಳ ಮಾತ್ರ ಯಾರೂ ತಗೀಬ್ಯಾಡ್ರಿ" ಎಂದೆ. ಒಳಗಿನಿಂದ ಎರಡು ಕೌದಿ ತಂದು ಫ್ರೀಜರಿಗೆ ಹೊದಿಸಿದೆ.

"ತಂಪ ಇರ್ಲಿ ಅಂತ ಯಾರರ ಕೌದಿ ಹೊಚ್ಚತಾರೇನ?" ಎಂದು ವೈನಿ ನಕ್ಕೇ ನಕ್ಕರು. ಹೊರಗಿನ ಚಳಿಯನ್ನು ತಡೆಯುವ ಕೌದಿ ಹೊರಗಿನ ಸೆಕೆಯನ್ನೂ ತಡೆಯುತ್ತದೆ ಎಂದು ವಿವರಿಸುವಷ್ಟು ತಾಳ್ಮೆ ನನಗಿರಲಿಲ್ಲ.

ನಿಜವಾದ ಶತ್ರು ಕರೆಂಟಲ್ಲ ಎಂಬುದು ಆಮೇಲೆ ಗೊತ್ತಾಯಿತು. ನಿಜವಾದ ಶತ್ರುಗಳು ನಮ್ಮವರೇ! ನಮ್ಮ ಜನರಿಗೆ ಮುಚ್ಚಿದ್ದನ್ನು ಮುಚ್ಚಿಟ್ಟು ಗೊತ್ತೇ ಇಲ್ಲ. ಅನ್ನ ಬೆಂದಿದೆಯೇ? ಮುಚ್ಚಳ ತೆಗೆ. ಮೊಸರು ಹೆಪ್ಪುಗಟ್ಟಿದೆಯೇ? ಬೆರಳಿಟ್ಟು ನೋಡು. ಕೂಸು ಮಲಗಿದೆಯೇ? ಎಬ್ಬಿಸಿ ಕೇಳು! ಕಾಳಜಿ ಎಂದರೆ ನಮಗೆ ತೆಗೆದು ನೋಡುವುದು. ನಾನು ಒಲೆಯ ಕಡೆ ತಿರುಗಿದ್ದೇ ತಡ, ವೈನಿ ಕೌದಿ ಸರಿಸಿ ಮುಚ್ಚಳ ಎತ್ತಿ, "ಇನ್ನೂ ಗಟ್ಟಿ ಅದಾವವಾ, ಚಿಂತಿ ಮಾಡಬ್ಯಾಡ" ಎಂದು ನನಗೆ ಧೈರ್ಯ ಹೇಳಿದರು. ನಾನು ಮುಚ್ಚಿ ಬಂದೆ. ಅಣ್ಣ ಎತ್ತಿದ. ಮುಚ್ಚಿ ಬಂದೆ. ನಮ್ಮ ಮನೆಯವರು ಎತ್ತಿದರು. "ಏನಿಲ್ಲ, ಚೆಕ್ ಮಾಡಾಕತ್ತಿದ್ದೆ."

ಒಬ್ಬೊಬ್ಬರ ಕಾಳಜಿಗೂ ಒಂದಿಷ್ಟು ತಂಪು ಹೊರಗೆ ಹೋಗುತ್ತಿತ್ತು. ಹೇಳಿದೆ, ಕೇಳಲಿಲ್ಲ. ಬೈದೆ, ನಕ್ಕರು. ಕಡೆಗೆ ಸೆರಗು ಸಿಕ್ಕಿಸಿಕೊಂಡು ಫ್ರೀಜರ್ ಮೇಲೆ ಹತ್ತಿ ಕುಳಿತುಬಿಟ್ಟೆ.

ಅಲ್ಲೇ ಕೊತ್ತಂಬರಿ ಸೋಸಿದೆ. ಅಲ್ಲೇ ಕುಬಸದ ದಂಡೆಗೆ ಮಲ್ಲಿಗೆ ಕಟ್ಟಿದೆ. ಅಲ್ಲಿಂದಲೇ ಅಡುಗೆಮನೆಗೆ ಆರ್ಡರ್ ಕೊಟ್ಟೆ. "ಕೋಳಿ ಕಾವಿಗೆ ಕುಂತಂಗ ಕುಂತಾಳ ನೋಡ್ರಿ" ಎಂದರು ವೈನಿ. ಕೂರಲಿ ಬಿಡಿ, ಕೂತ ಕೋಳಿಗೇ ಮರಿ ಸಿಗುವುದು.

ನಾಳೆಯ ಕುಬಸಕ್ಕೆ ಸೀರೆ, ಬಳೆ ಕೊಟ್ಟು ಸಹನಾಳನ್ನು ಬಿಟ್ಟುಹೋಗಲೆಂದು ಬೀಗತಿ ಆಗಲೇ ಬಂದದ್ದು.

ಸರೋಜನಮ್ಮನವರು ಅಪ್ಪಟ ತೆಲುಗಿನವರು, ರೀತಿ ರಿವಾಜು ಬಲ್ಲವರು. ನಮ್ಮ ಮನೆಯವರು ನನಗೆ ಕಣ್ಣಲ್ಲೇ 'ಏಳು, ಏಳು' ಎಂದರು. ವೈನಿ ಬಾಯಿ ಮೇಲೆ ಕೈ ಇಟ್ಟುಕೊಂಡರು. ಬೀಗತಿಯ ಹಿಂದೆ ನಿಂತಿದ್ದ ಸಹನಾಳ ಮುಖ ಸಣ್ಣಗಾಯಿತು. ಆ ಒಂದು ಗಳಿಗೆ ಎದ್ದುಬಿಡಲೇ ಎಂದು ನನಗೂ ಅನ್ನಿಸಿದ್ದು ನಿಜ. ಇವರ ಮನೆಯಲ್ಲಿ ಬಾಳಬೇಕಾದವಳು ನನ್ನ ಮಗಳು! ಆದರೆ ನಾನು ಎದ್ದು ಅರಿಷಿಣ ಕುಂಕುಮ ತರಲು ಒಳಗೆ ಹೋದರೆ, ಬಂದವರಿಗೆ ತೋರಿಸುವ ನೆಪದಲ್ಲಿ ಈ ಮುಚ್ಚಳ ಎಷ್ಟು ಹೊತ್ತು ತೆರೆದಿರುತ್ತದೋ ಯಾರಿಗೆ ಗೊತ್ತು?

ಕೂತಲ್ಲಿಂದಲೇ ಕೈ ಮುಗಿದು, ನನ್ನ ಹರಕು ತೆಲುಗಿನಲ್ಲಿ ಹೇಳಿದೆ: "ನೇನು ಲೇಸ್ತೇ ಸಹನಾ ಮಾಮಿಡಿಪಂಡು ಪೋತುಂದಿ ವದಿನಾ." ನಾನು ಎದ್ದರೆ ಸಹನಾಳ ಮಾವಿನಹಣ್ಣು ಹೋಗುತ್ತದೆ.

ಸರೋಜನಮ್ಮ ನನ್ನನ್ನು ನೋಡಿದರು. ಕೌದಿ ನೋಡಿದರು. ಸುತ್ತ ನಿಂತ ನಮ್ಮ ಬಳಗವನ್ನು ನೋಡಿದರು. ಸಹನಾ ಅವರ ಕಿವಿಯಲ್ಲಿ ಎರಡು ಮಾತು ಹೇಳಿದಳು. ಅವರು ಹಣ್ಣಿನ ಬುಟ್ಟಿಯನ್ನು ನಮ್ಮ ಮನೆಯವರ ಕೈಗೆ ಕೊಟ್ಟು ನೇರ ನನ್ನ ಹತ್ತಿರ ಬಂದರು.

"ಜರ ಜರುಗುಂಡ್ರಿ ವದಿನಾ" ಎಂದರು. ಸ್ವಲ್ಪ ಸರಿಯಿರಿ ಎಂದು. ಸರಿದೆ. ರೇಷ್ಮೆ ಸೀರೆ ಎತ್ತಿ ಹಿಡಿದು ಪಕ್ಕದಲ್ಲಿ ಹತ್ತಿ ಕುಳಿತರು!

"ಈ ಹುಡುಗಿ ನಿದ್ದೆಯಲ್ಲೂ ಮಾವು ಕನವರಿಸುತ್ತಾಳೆ. ನಾನೂ ಮಾರ್ಕೆಟ್ಟೆಲ್ಲ ಹುಡುಕಿಸಿದೆ, ಸಿಗಲಿಲ್ಲ" ಎಂದು ತೆಲುಗಿನಲ್ಲಿ ಹೇಳಿ ನನ್ನ ಕೈ ಹಿಡಿದುಕೊಂಡರು. ನನಗೆ ಕಣ್ಣು ತುಂಬಿ ಬಂತು. ಸಂಜೆಯ ತನಕ ಬೀಗತಿಯರಿಬ್ಬರೂ ಹಾಗೇ ಕುಳಿತು ಹೂ ಕಟ್ಟಿದೆವು, ಚಹಾ ಕುಡಿದೆವು, ಗಂಡಂದಿರನ್ನು ಆಡಿಕೊಂಡೆವು. ಅವರಿದ್ದಷ್ಟು ಹೊತ್ತು ಮುಚ್ಚಳದ ಹತ್ತಿರ ಸುಳಿಯಲು ನಮ್ಮ ಬಳಗದಲ್ಲಿ ಒಬ್ಬರಿಗೂ ಧೈರ್ಯವಾಗಲಿಲ್ಲ. (ಹೊರಡುವ ಮುಂಚೆ ವೈನಿಯನ್ನು ಕರೆದು ನಗುನಗುತ್ತಲೇ ಕೂರಿಸಿ ಹೋದರು. ಬೀಗತಿಯ ಮಾತು ಮೀರಲು ವೈನಿಗೆ ಸಾಧ್ಯವೇ?)

ಮರುದಿನ ಬೆಳಿಗ್ಗೆ. ಕರೆಂಟು ಇನ್ನೂ ಬಂದಿಲ್ಲ. ಎಲ್ಲರೂ ಫ್ರೀಜರ್ ಸುತ್ತ. ಈಗ ತೆಗೆಯಲೇಬೇಕು. ಕೌದಿ ಸರಿಸಿದೆ, ಮನೆದೇವರನ್ನು ನೆನೆದೆ, ಎತ್ತಿದೆ.

ಬಿಳಿ ಹೊಗೆ ಮುಖಕ್ಕೆ ಬಂತು. ಪ್ಲೇಟುಗಳ ಮೂಲೆಯಲ್ಲಿ ನೀರು ಗುಳುಗುಳು ಎನ್ನುತ್ತಿತ್ತು; ನಡುವೆ ಇನ್ನೂ ಗಡ್ಡೆ. ರಸದ ಪ್ಯಾಕೆಟ್ ಎತ್ತಿ ಫ್ರೀಜರಿನ ಅಂಚಿಗೆ ಕುಟ್ಟಿದೆ. ಠಣ್!

"ಕಲ್ಲ ಆಗೇತಲೇ!" ಎಂದು ನಮ್ಮ ಮನೆಯವರೇ ಮೊದಲು ಕೂಗಿದ್ದು. ಅಣ್ಣ ಚಪ್ಪಾಳೆ ಹೊಡೆದ. ನಾನು ಸೊಂಟದ ಮೇಲೆ ಕೈ ಇಟ್ಟು ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡಿದೆ, ಅಷ್ಟೇ. ಆ ಸುಖವೇ ಸುಖ!

ಕರೆಂಟು ಇದ್ದಾಗ ತಂಪಾಗಿರುವುದರಲ್ಲಿ ಯಾವ ಹೆಚ್ಚುಗಾರಿಕೆ ಇದೆ, ಹೇಳಿ? ಎಲ್ಲ ಚೆನ್ನಾಗಿರುವಾಗ ನಾಳೆಗೆಂದು ಒಂದಿಷ್ಟು ತೆಗೆದಿಡುವವರನ್ನು ನಾವು ಜಿಪುಣರೆನ್ನುತ್ತೇವೆ, ಅತಿ ಬುದ್ಧಿಯವರೆನ್ನುತ್ತೇವೆ. ಢಮ್ಮೆಂದ ಮೇಲೆ ಅವರ ಮನೆಯ ಬಾಗಿಲಿಗೇ ಹೋಗುತ್ತೇವೆ.

ಮಧ್ಯಾಹ್ನ ಸಹನಾ ಹಸಿರು ಸೀರೆ ಉಟ್ಟು, ದಂಡೆ ಮುಡಿದು ಮಣೆಯ ಮೇಲೆ ಕುಳಿತಳು. ಆರತಿ ಆಯಿತು. ಬೆಳ್ಳಿ ಬಟ್ಟಲಲ್ಲಿ ಸೀಕರಣೆ, ಎಲೆಯಲ್ಲಿ ಬಿಸಿ ಹೋಳಿಗೆ. ಮೊದಲ ತುತ್ತು ನಾನೇ ಅದ್ದಿ ಬಾಯಿಗಿಟ್ಟೆ. ವಾಕರಿಸಿದರೆ ಏನು ಗತಿ ಎಂದು ಸರೋಜನಮ್ಮ ಪಕ್ಕದಲ್ಲೇ ನೀರು ಹಿಡಿದು ನಿಂತಿದ್ದರು.

ಸಹನಾ ಕಣ್ಣು ಮುಚ್ಚಿದಳು. ನುಂಗಿದಳು. ಕಣ್ಣು ತೆರೆದು, ನನ್ನ ಕೈಯಿಂದ ಬಟ್ಟಲನ್ನೇ ಕಸಿದುಕೊಂಡು ಎತ್ತಿ ಕುಡಿದಳು! ಮೂಗಿನ ತುದಿಗೆಲ್ಲ ರಸ. "ಅವ್ವಾ, ಒಳಗ ಒದಿಯಾಕತ್ತೇತಿ, ಅದಕ್ಕೂ ಸೇರಿತ ಕಾಣತೈತಿ. ಇನ್ನೊಂದ್ ಬಟ್ಟಲಾ ಹಾಕ."

ಹಾಕಿದೆ. ಎಲ್ಲರ ಮುಂದೆ!

ಹುಟ್ಟಿದ ಮೊಮ್ಮಕ್ಕಳಿಗೆ ಬೇಸಿಗೆಯಲ್ಲಿ ಮಾವು ತಿನ್ನಿಸುವ ಅಜ್ಜಿಯರು ಊರ ತುಂಬ ಇದ್ದಾರೆ. ಇನ್ನೂ ಹುಟ್ಟದ ಮೊಮ್ಮಗುವಿಗೆ ದಸರೆ ಕಳೆದ ಮೇಲೆ, ಅದೂ ಕರೆಂಟಿಲ್ಲದೆ, ತಣ್ಣನೆಯ ಸೀಕರಣೆ ಕುಡಿಸಿದವರು ಯಾರಿದ್ದೀರಿ, ಕೈ ಎತ್ತಿ ನೋಡೋಣ?